ಟ್ರೇಲರ್ ಮೇಲೆ ಸಾವಿರ ಮೈಲಿ: ಬೋಟ್ ಮುಕ್ಕಾಗದಂತೆ ಸಾಗಿಸುವುದು ಹೇಗೆ

ಮೇ ತಿಂಗಳು ಬಂತೆಂದರೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಡಲ್ಲಾಸ್‌ನಿಂದ ಲೇಕ್ ಪವೆಲ್‌ಗೆ ಬೋಟ್ ಎಳೆದುಕೊಂಡು ಹೋಗ್ತಿದೀವಿ. ಕವರ್ ಹಾಕಿಕೊಂಡು ಹೋಗೋದಾ, ತೆಗೆದು ಹೋಗೋದಾ?" ಕೇಳುವವರು ಇಲ್ಲಿನ, ಅಂದರೆ ಅಮೆರಿಕದ ಕನ್ನಡದವರೇ. ಒಂದೆರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಬೋಟ್ ಕೊಂಡವರು. ಇಷ್ಟು ದಿನ ಮನೆ ಹತ್ತಿರದ ಲೇಕ್‌ಗೆ ಇಪ್ಪತ್ತು ಮೈಲಿ ಹೋಗಿ ಬಂದವರು.

ಕವರ್ ವಿಷಯಕ್ಕೆ ಬರುತ್ತೇನೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ಬೋಟ್ ನೀರಿಗಾಗಿ ಮಾಡಿದ ವಸ್ತು. ನೀರಿನಲ್ಲಿದ್ದಾಗ ಅದರ ಹೊಟ್ಟೆಯನ್ನು ನೀರು ಎಲ್ಲ ಕಡೆಯಿಂದ ಸಮನಾಗಿ ಹೊತ್ತಿರುತ್ತದೆ. ಟ್ರೇಲರ್ ಮೇಲೆ ಅಷ್ಟೂ ಭಾರ ಎರಡೋ ನಾಲ್ಕೋ ಹಲಗೆಗಳ ಮೇಲೆ ಕೂರುತ್ತದೆ. ಇಪ್ಪತ್ತು ಮೈಲಿಯಲ್ಲಿ ಇದು ಗೊತ್ತಾಗುವುದಿಲ್ಲ. ಡಲ್ಲಾಸ್‌ನಿಂದ ಅಮರಿಲ್ಲೊ, ಆಲ್ಬುಕರ್ಕಿ, ಫ್ಲ್ಯಾಗ್‌ಸ್ಟಾಫ್ ದಾಟಿ ಲೇಕ್ ಪವೆಲ್ ಪಕ್ಕದ, ಅರಿಜೋನಾದ ಪೇಜ್ ಊರು ತಲುಪಲು ಸುಮಾರು 1,100 ಮೈಲಿ, ಅಂದರೆ ಹೆಚ್ಚುಕಡಿಮೆ 1,770 ಕಿ.ಮೀ. ಅಷ್ಟು ದೂರದಲ್ಲಿ ಬೋಟ್ ಹಾಳಾಗುವುದು ದೊಡ್ಡ ಅಪಘಾತದಿಂದಲ್ಲ, ಸಣ್ಣ ಸಣ್ಣ ಉಜ್ಜಾಟದಿಂದ. ಕಾಲು ಇಂಚು ಅಲುಗಾಡುವ ಬೋಟ್ ಎರಡು ದಿನ ಅಲುಗಾಡುತ್ತಲೇ ಇರುತ್ತದೆ. ಆದ್ದರಿಂದ ಬೋಟ್ ಮತ್ತು ಟ್ರೇಲರ್ ಎರಡೂ ಒಂದೇ ವಸ್ತುವಿನಂತೆ ಚಲಿಸಬೇಕು. ಕೆಳಗೆ ಹೇಳಿದ್ದೆಲ್ಲ ಅದಕ್ಕಾಗಿಯೇ.

ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು 18ರಿಂದ 21 ಅಡಿಯ ಫೈಬರ್‌ಗ್ಲಾಸ್ ಬೋಟ್. ಹಿಂದೆ ಔಟ್‌ಬೋರ್ಡ್ ಎಂಜಿನ್ (ಬೋಟಿನ ಹೊರಗೆ ನೇತುಹಾಕಿದ್ದು) ಇರಬಹುದು, ಅಥವಾ ಸ್ಟರ್ನ್‌ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲ್ಲರ್ ಕಾಲು ಹೊರಗೆ) ಇರಬಹುದು. ಅಗಲ 8 ಅಡಿ 6 ಇಂಚು ಮೀರಿದ ಬೋಟ್ ಆದರೆ ರಾಜ್ಯ ರಾಜ್ಯದಲ್ಲೂ ಪರ್ಮಿಟ್ ಬೇಕಾಗುತ್ತದೆ. ಅದು ಬೇರೆಯೇ ಕಥೆ, ಇಲ್ಲಿ ಬೇಡ.

ಮೊದಲು ಕೂಡಿಸಿಟ್ಟುಕೊಳ್ಳಬೇಕಾದದ್ದು

ಹೊರಡುವ ಹಿಂದಿನ ದಿನ ಅಂಗಡಿಗೆ ಓಡಬೇಡಿ. ಎರಡು ವಾರ ಮೊದಲೇ ಇವು ಕೈಯಲ್ಲಿರಲಿ: ಟ್ರೇಲರ್‌ಗೆ ಹೊಂದುವ ಸ್ಪೇರ್ ಚಕ್ರ, ಅದರ ನಟ್‌ಗಳಿಗೆ ಕೂರುವ ಪಾನಾ, ತಗ್ಗಾದ ಆಕ್ಸಲ್ ಕೆಳಗೆ ಹೋಗುವ ಜ್ಯಾಕ್, ಗ್ರೀಸ್ ತುಂಬಿ ಸಿದ್ಧವಾಗಿರುವ ಒಂದು ಹಬ್ (ಚಕ್ರ ಕೂರುವ, ಒಳಗೆ ಬೇರಿಂಗ್ ಇರುವ ಭಾಗ), ಗ್ರೀಸ್ ಗನ್, ಟೈರ್ ಪ್ರೆಷರ್ ನೋಡುವ ಗೇಜ್, ಎರಡು ಹೆಚ್ಚುವರಿ ಸ್ಟ್ರಾಪ್, ದಪ್ಪ ಹಲಗೆಯ ತುಂಡು, ಕೈಗವಸು. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಒಳ್ಳೆಯದು, ದುಬಾರಿಯೇನಲ್ಲ.

ಕಾರಿನ ಪಾನಾ ಟ್ರೇಲರ್ ನಟ್‌ಗೂ ಆಗುತ್ತದೆ ಎಂದು ಊಹಿಸಬೇಡಿ. ಮನೆಯಂಗಳದಲ್ಲೇ ಒಂದು ಚಕ್ರ ಬಿಚ್ಚಿ, ಮತ್ತೆ ಹಾಕಿ ನೋಡಿ. ಈ ರಿಹರ್ಸಲ್ ಮಾಡದವರೇ ಹೆದ್ದಾರಿ ಬದಿಯಲ್ಲಿ ನಿಂತು ಫೋನ್ ಮಾಡುತ್ತಾರೆ.

ಹಂತ 1: ತೂಕ ನೋಡಿ

ಬೋಟ್ ಕೊಂಡಾಗ ಕಾಗದದಲ್ಲಿ ಬರೆದಿದ್ದ ತೂಕವನ್ನು ನಂಬಬೇಡಿ. ಅದು ಖಾಲಿ ಬೋಟಿನ ತೂಕ, ಕೆಲವು ಸಲ ಎಂಜಿನ್ ಕೂಡ ಸೇರಿರುವುದಿಲ್ಲ. ಅದಕ್ಕೆ ಟ್ರೇಲರ್, ಬ್ಯಾಟರಿ, ಆಂಕರ್, ಪೆಟ್ರೋಲ್, ಕೂಲರ್, ಮಕ್ಕಳ ಟ್ಯೂಬ್ ಎಲ್ಲ ಸೇರಿಸಿ. ಪೆಟ್ರೋಲ್ ಒಂದು ಗ್ಯಾಲನ್‌ಗೆ ಸುಮಾರು 6 ಪೌಂಡ್. 40 ಗ್ಯಾಲನ್ ತುಂಬಿಸಿದರೆ 240 ಪೌಂಡ್ ಅಲ್ಲೇ ಆಯಿತು. ಕಾಲು ಟ್ಯಾಂಕ್ ಇಟ್ಟುಕೊಂಡು ಹೊರಡಿ, ಉಳಿದದ್ದನ್ನು ಪೇಜ್‌ನಲ್ಲಿ ತುಂಬಿಸಿ.

ಎಲ್ಲ ತುಂಬಿದ ಮೇಲೆ ಟ್ರಕ್ ಸ್ಟಾಪ್‌ನಲ್ಲಿರುವ ವೇಬ್ರಿಡ್ಜ್ ಮೇಲೆ ಒಮ್ಮೆ ನಿಲ್ಲಿಸಿ. ಬರುವ ಅಂಕಿಯನ್ನು ಟ್ರೇಲರ್ ಮೇಲಿನ ತಗಡಿನಲ್ಲಿ ಬರೆದಿರುವ ಗರಿಷ್ಠ ತೂಕದ ಜೊತೆ ಹೋಲಿಸಿ. ನಿಮ್ಮ ಗಾಡಿಯ ಎಳೆಯುವ ಮಿತಿಯನ್ನೂ ನೋಡಿ. ಎರಡರಲ್ಲಿ ಒಂದು ಮೀರಿದರೂ ಸಾಮಾನು ಇಳಿಸಬೇಕು, ಬೇರೆ ದಾರಿಯಿಲ್ಲ.

ಇನ್ನೊಂದು ಅಂಕಿ ಟಂಗ್ ವೇಯ್ಟ್. ಟ್ರೇಲರ್‌ನ ಮೂತಿ ನಿಮ್ಮ ಗಾಡಿಯ ಹಿಚ್ ಮೇಲೆ (ಎಳೆಯಲು ಹಿಂದೆ ಹಾಕಿಸಿದ ಕೊಂಡಿ) ಒತ್ತುವ ಭಾರ ಇದು. ಎತ್ತಿನ ಗಾಡಿ ನೋಡಿದವರಿಗೆ ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಬೀಳುತ್ತದೆ. ಇಲ್ಲೂ ಅಷ್ಟೇ. ಒಟ್ಟು ತೂಕದ ಸುಮಾರು 10% ಮುಂದೆ ಬಿದ್ದರೆ ಸರಿ. ನಿಮ್ಮ ಟ್ರೇಲರ್ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ. ತೀರಾ ಕಡಿಮೆಯಾದರೆ ಟ್ರೇಲರ್ ಹಿಂದೆ ಬಾಲ ಅಲ್ಲಾಡಿಸತೊಡಗುತ್ತದೆ. 65 ಮೈಲಿ ವೇಗದಲ್ಲಿ ಅದನ್ನು ಒಮ್ಮೆ ಅನುಭವಿಸಿದವರು ಜೀವಮಾನದಲ್ಲಿ ಮರೆಯುವುದಿಲ್ಲ.

ಇಲ್ಲಿ ಆಗುವ ತಪ್ಪು ಸುಲಭವಾದದ್ದು. ಬೋಟ್ ಅಂದರೆ ದೊಡ್ಡ ಡಿಕ್ಕಿ ಎಂದುಕೊಂಡು ಕೂಲರ್, ಟೆಂಟ್, ಕುಡಿಯುವ ನೀರಿನ ಕ್ಯಾನ್ ಎಲ್ಲವನ್ನೂ ಹಿಂಬದಿಗೆ ತುಂಬುತ್ತೇವೆ. ಎಂಜಿನ್ ಭಾರ ಮೊದಲೇ ಹಿಂದಿದೆ. ಭಾರದ ಸಾಮಾನನ್ನು ಗಾಡಿಯೊಳಗೇ ಇಡಿ.

ಹಂತ 2: ಚಕ್ರ, ಬೇರಿಂಗ್, ಬ್ರೇಕ್

ದೂರದ ಪ್ರಯಾಣದಲ್ಲಿ ಕೈಕೊಡುವುದು ಹೆಚ್ಚಾಗಿ ಬೋಟ್ ಅಲ್ಲ, ಟ್ರೇಲರ್. ಬೋಟಿಗೆ ವ್ಯಾಕ್ಸ್ ಹೊಡೆಯಲು ಒಂದು ಇಡೀ ಭಾನುವಾರ ಕೊಡುವವರು ಬೇರಿಂಗ್‌ಗೆ ಅರ್ಧ ಗಂಟೆ ಕೊಡುವುದಿಲ್ಲ.

ಟೈರಿನಿಂದ ಶುರು ಮಾಡಿ. ಟ್ರೇಲರ್ ಟೈರ್ ಬದಿಯಲ್ಲಿ 'ಎಸ್‌ಟಿ' ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಟ್ರೇಲರ್‌ಗೆಂದೇ ಮಾಡಿದ ಟೈರ್ ಎಂದು ಅರ್ಥ. ಇವು ಸವೆದು ಸಾಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಜಾಸ್ತಿ. ವರ್ಷದಲ್ಲಿ ಹತ್ತು ತಿಂಗಳು ಒಂದೇ ಕಡೆ ಬಿಸಿಲಿನಲ್ಲಿ ನಿಂತಿರುತ್ತವೆ, ಅಲ್ವಾ? ಟೈರಿನ ಬದಿಯಲ್ಲೇ 'ಡಾಟ್' (DOT) ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಟೈರಿನ ಅಚ್ಚು (ಟ್ರೆಡ್) ಸವೆಯದೆ ಎಷ್ಟೇ ಆಳ ಇದ್ದರೂ ಬದಲಾಯಿಸಿ. ಗಾಳಿಯನ್ನು ಟೈರಿನ ಬದಿಯಲ್ಲಿ ಬರೆದಿರುವ ಗರಿಷ್ಠ ಒತ್ತಡಕ್ಕೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ತುಂಬಿಸಿ. ಕಡಿಮೆ ಗಾಳಿಯ ಟೈರ್ ಬಿಸಿಯಾಗುತ್ತದೆ, ಬಿಸಿಯಾದದ್ದು ಸೀಳುತ್ತದೆ. ಸೀಳಿದ ರಬ್ಬರ್ ಚಕ್ರದ ಮೇಲಿನ ಮಡ್‌ಗಾರ್ಡ್ ಕಿತ್ತು ಬೋಟಿನ ಬದಿಗೆ ಬಡಿಯುತ್ತದೆ. ಟೈರನ್ನು ಬೋಟ್ ರಕ್ಷಣೆಯ ಲೆಕ್ಕಕ್ಕೆ ಸೇರಿಸಿರುವುದು ಅದಕ್ಕೇ.

ಬೇರಿಂಗ್ ಎಂದರೆ ಚಕ್ರ ಸಲೀಸಾಗಿ ತಿರುಗಲು ಹಬ್ ಒಳಗಿರುವ ಉಕ್ಕಿನ ಉರುಳೆಗಳು. ಎತ್ತಿನ ಗಾಡಿಗೆ ಕೀಲೆಣ್ಣೆ ಹೇಗೋ ಇದಕ್ಕೆ ಗ್ರೀಸ್ ಹಾಗೆ. ಆದರೆ ಬೋಟ್ ಟ್ರೇಲರ್‌ಗೆ ಬೇರೆ ಯಾವ ಗಾಡಿಗೂ ಇಲ್ಲದ ಒಂದು ಕಷ್ಟವಿದೆ. ನಾವು ಅದನ್ನು ನೀರಿಗೆ ಇಳಿಸುತ್ತೇವೆ. ಓಡಿ ಬಿಸಿಯಾದ ಹಬ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಹಳೆಯ ಸೀಲ್ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರು ಸೇರಿದ ಗ್ರೀಸ್ ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತದೆ. ಆ ಬಣ್ಣ ಕಂಡರೆ ಬಿಚ್ಚಿ ತೊಳೆದು, ಬೇರಿಂಗ್ ನೋಡಿ, ಹೊಸ ಸೀಲ್ ಹಾಕಿ, ಹೊಸ ಗ್ರೀಸ್ ತುಂಬಬೇಕು. ಹೊರಗಿನಿಂದ ಗನ್ ಹಿಡಿದು ಒತ್ತಿದರೆ ಸಾಲದು. ಜೋರಾಗಿ ಒತ್ತಿದರೆ ಹಿಂದಿನ ಸೀಲ್ ಕಿತ್ತುಹೋಗಿ ಗ್ರೀಸ್ ಎಲ್ಲ ಬ್ರೇಕ್ ಮೇಲೆ ಬೀಳುತ್ತದೆ.

ಪರೀಕ್ಷೆ ಸುಲಭ. ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಕರಕರ ಸದ್ದು ಬರಬಾರದು. ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಲಟಲಟ ಆಡಬಾರದು. ಒಮ್ಮೆ ನಾನೇ ಇದನ್ನು ಮಾಡದೆ ಹೊರಟು, ನ್ಯೂ ಮೆಕ್ಸಿಕೋದಲ್ಲಿ ಭಾನುವಾರ ಮಧ್ಯಾಹ್ನ ಹೊಗೆಯಾಡುವ ಹಬ್ ನೋಡುತ್ತಾ ಕೂತಿದ್ದೆ. ಮೇಲಿನ ಪಟ್ಟಿಯಲ್ಲಿ ಆ ಸಿದ್ಧ ಹಬ್ ಬಂದದ್ದು ಹಾಗೆ.

ಹೆಚ್ಚಿನ ಬೋಟ್ ಟ್ರೇಲರ್‌ಗಳಲ್ಲಿ ಸರ್ಜ್ ಬ್ರೇಕ್ ಇರುತ್ತದೆ. ನೀವು ಬ್ರೇಕ್ ಒತ್ತಿದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದಲ್ಲ, ಆ ನುಗ್ಗಾಟವೇ ಅದರ ಬ್ರೇಕನ್ನು ಒತ್ತುತ್ತದೆ. ಮೂತಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿ ತೆರೆದು ಮಟ್ಟ ನೋಡಿ. ಮುಚ್ಚಳ ತುಕ್ಕು ಹಿಡಿದು ತೆರೆಯಲು ಬರದಿದ್ದರೆ, ವರ್ಷಗಳಿಂದ ಯಾರೂ ನೋಡಿಲ್ಲ ಎಂದೇ ಲೆಕ್ಕ. ದೀಪಗಳನ್ನೂ ಇದೇ ಹೊತ್ತಿಗೆ ನೋಡಿಬಿಡಿ.

ಹಂತ 3: ಬೋಟ್ ಹೇಗೆ ಕೂತಿದೆ?

ಟ್ರೇಲರ್ ಮೇಲೆ ಕಾರ್ಪೆಟ್ ಸುತ್ತಿದ ಉದ್ದ ಹಲಗೆಗಳಿರುತ್ತವೆ. ಅವುಗಳಿಗೆ ಬಂಕ್ ಎನ್ನುತ್ತಾರೆ. ಕೆಲವು ಟ್ರೇಲರ್‌ಗಳಲ್ಲಿ ಹಲಗೆಯ ಬದಲು ರಬ್ಬರ್ ರೋಲರ್. ದೂರಕ್ಕೆ ನನ್ನ ಓಟು ಬಂಕ್‌ಗೆ. ರೋಲರ್ ಮೇಲಿನಿಂದ ಬೋಟ್ ಸಲೀಸಾಗಿ ಜಾರುತ್ತದೆ ನಿಜ, ಆದರೆ ಭಾರವೆಲ್ಲ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ.

ಬಂಕ್‌ಗಳ ಹಿಂದಿನ ತುದಿ ಟ್ರಾನ್ಸಮ್ ತನಕ ಬರಬೇಕು. ಟ್ರಾನ್ಸಮ್ ಎಂದರೆ ಬೋಟಿನ ಹಿಂದಿನ ಗೋಡೆ, ಎಂಜಿನ್ ಭಾರ ಹೊರುವುದು ಅದೇ. ಹಲಗೆ ಆರು ಇಂಚು ಮುಂಚೆಯೇ ನಿಂತುಹೋಗಿದ್ದರೆ ಆ ಭಾರವೆಲ್ಲ ಗಾಳಿಯಲ್ಲಿ ನೇತಾಡುತ್ತದೆ. ಪ್ರತಿ ಗುಂಡಿಗೂ ಅದು ಕುಕ್ಕುತ್ತದೆ. ಕಾಲಕ್ರಮದಲ್ಲಿ ಬೋಟಿನ ತಳ ಬಾಗುತ್ತದೆ, ಆಮೇಲೆ ನೀರಿನಲ್ಲಿ ಬೋಟ್ ಸರಿಯಾಗಿ ಓಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೋಟ್ ಬೇರೆ ಟ್ರೇಲರ್ ಮೇಲೆ ಬಂದಿದ್ದರೆ ಇದನ್ನು ಮೊದಲು ನೋಡಿ.

ಕಾರ್ಪೆಟ್ ಮೇಲೆ ಕೈಯಾಡಿಸಿ. ಹರಿದಿದ್ದರೆ ಒಳಗಿನ ಬೋಲ್ಟ್ ತಲೆಯೋ ಸ್ಟೇಪಲ್ ಪಿನ್ನೋ ಬೋಟನ್ನು ಕೆರೆಯುತ್ತಿರುತ್ತದೆ. ಹರಿಯದಿದ್ದರೂ ಮರಳು ಸಿಕ್ಕಿಕೊಂಡಿರುತ್ತದೆ. ಅದು ಸ್ಯಾಂಡ್‌ಪೇಪರ್‌ನಂತೆ ಜೆಲ್‌ಕೋಟ್ ತಿನ್ನುತ್ತದೆ. ಜೆಲ್‌ಕೋಟ್ ಅಂದರೆ ಫೈಬರ್‌ಗ್ಲಾಸ್ ಮೇಲಿನ ಹೊಳಪಿನ ಪದರ. ಹೊರಡುವ ಮೊದಲು ಬೋಟನ್ನು ಒಮ್ಮೆ ನೀರಿಗಿಳಿಸಿ, ಖಾಲಿ ಬಂಕ್‌ಗಳನ್ನು ಹೋಸ್ ಹಿಡಿದು ತೊಳೆದು, ಮತ್ತೆ ಬೋಟ್ ಹತ್ತಿಸಿ. ಹಿಂದೆ ನಿಂತು ನೋಡಿದಾಗ ಬೋಟ್ ನೆಟ್ಟಗೆ ಕೂತಿರಬೇಕು, ಒಂದು ಬದಿಗೆ ವಾಲಿರಬಾರದು.

ಹಂತ 4: ಕಟ್ಟುವುದು

ಮುಂದೆ ಎರಡು ಕಟ್ಟು, ಹಿಂದೆ ಎರಡು ಕಟ್ಟು. ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಮುಂದಿನ ಮೊದಲ ಕಟ್ಟು ವಿಂಚ್‌ನದು. ವಿಂಚ್ ಅಂದರೆ ಬೋಟನ್ನು ಟ್ರೇಲರ್ ಮೇಲೆ ಎಳೆದುಕೊಳ್ಳುವ ಕೈರಾಟೆ. ಅದರ ಪಟ್ಟಿ ಬೋಟಿನ ಮೂಗಿನ ಕೆಳಗಿರುವ ಕಬ್ಬಿಣದ ಬಳೆಗೆ ಸಿಕ್ಕಿರುತ್ತದೆ. ಆ ಬಳೆ ಮುಂದಿನ ರಬ್ಬರ್ ಉರುಳೆಯ ಕೆಳಗೆ ಬಂದು ಒತ್ತಿ ಕೂರಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಬೋಟ್ ಮುಂದಕ್ಕೆ ನುಗ್ಗಿ ಮೂಗು ಮೇಲೆತ್ತಲು ನೋಡುತ್ತದೆ, ಆಗ ಉರುಳೆ ಅದನ್ನು ತಡೆಯುತ್ತದೆ. ಎರಡನೆಯದು ಅದೇ ಬಳೆಯಿಂದ ಟ್ರೇಲರ್‌ಗೆ ಒಂದು ಬೇರೆ ಚೈನ್. ವಿಂಚ್‌ನ ಹಲ್ಲು ಜಾರಿದರೆ, ಪಟ್ಟಿ ಹರಿದರೆ, ಉಳಿಯುವುದು ಈ ಚೈನ್ ಒಂದೇ. ವಿಂಚ್ ಪಟ್ಟಿಯ ಅಂಚು ಜೂಲು ಜೂಲಾಗಿದ್ದರೆ ಹೊಸದು ಹಾಕಿ.

ಹಿಂದೆ ಟ್ರಾನ್ಸಮ್‌ನ ಎರಡೂ ಬದಿಯ ಬಳೆಗಳಿಂದ ಟ್ರೇಲರ್ ಚೌಕಟ್ಟಿಗೆ ಒಂದೊಂದು ರ್ಯಾಚೆಟ್ ಸ್ಟ್ರಾಪ್. ಕಟಕಟ ಎಂದು ಹಿಡಿಕೆ ಆಡಿಸಿ ಬಿಗಿಯುವ ಪಟ್ಟಿ ಇದು. ಬೋಟ್ ಮೇಲೆ ಎಗರದಂತೆ ತಡೆಯುವುದು ಇವೇ. ಸ್ಟ್ರಾಪ್ ಮೇಲೆ ಎರಡು ಅಂಕಿ ಬರೆದಿರುತ್ತಾರೆ. ದೊಡ್ಡದು ಹರಿಯುವ ಭಾರ, ಚಿಕ್ಕದು ಕೆಲಸಕ್ಕೆ ಬರುವ ಭಾರ. ಅಂಗಡಿಯವರು ದೊಡ್ಡದನ್ನು ದೊಡ್ಡಕ್ಷರದಲ್ಲಿ ಹಾಕಿರುತ್ತಾರೆ, ನೀವು ಚಿಕ್ಕದನ್ನು ನೋಡಿ. ನೈಲಾನ್ ಬೇಡ, ಪಾಲಿಯೆಸ್ಟರ್ ತಗೊಳ್ಳಿ. ನೈಲಾನ್ ಮಳೆಯಲ್ಲಿ ನೆನೆದರೆ ಹಿಗ್ಗುತ್ತದೆ.

ಬೋಟಿನ ಮೇಲಿನಿಂದ ಅಡ್ಡಲಾಗಿ ಮತ್ತೊಂದು ಸ್ಟ್ರಾಪ್ ಹಾಕುವವರಿದ್ದಾರೆ. ಹಾಕಬಹುದು. ಆದರೆ ಅಂಚಿಗೆ ತಾಗುವಲ್ಲಿ ದಪ್ಪ ಬಟ್ಟೆ ಇಡಿ. ಸ್ಟ್ರಾಪನ್ನು ಒಂದು ಸುತ್ತು ತಿರುಚಿ ಕಟ್ಟಿ. ಚಪ್ಪಟೆಯಾಗಿದ್ದರೆ ಗಾಳಿಗೆ ಭೋರ್ ಎಂದು ನಡುಗುತ್ತಾ ಬಣ್ಣ ತೆಗೆಯುತ್ತದೆ. ಬಿಗಿಯುವುದಕ್ಕೂ ಮಿತಿ ಇದೆ. ಬೋಟಿನ ಬದಿ ಒಳಕ್ಕೆ ಬಾಗುವಷ್ಟು ಬಿಗಿದರೆ ನೀವೇ ಬಿರುಕು ತರಿಸಿದಂತೆ.

ಕೊನೆಗೆ ಹಿಚ್. ಟ್ರೇಲರ್ ಮೂತಿಯ ಬಟ್ಟಲಿಗೆ ಕಪ್ಲರ್ ಎನ್ನುತ್ತಾರೆ. ಅದರಲ್ಲಿ ಕೂರುವ ಗುಂಡು ಸಾಮಾನ್ಯವಾಗಿ 1 7/8, 2 ಅಥವಾ 2 5/16 ಇಂಚಿನದು. ಎರಡಿಂಚಿನ ಬಟ್ಟಲಿಗೆ ಸಣ್ಣ ಗುಂಡು ಹಾಕಿದರೆ ಕೂತಂತೆ ಕಾಣುತ್ತದೆ, ಮೊದಲ ಗುಂಡಿಯಲ್ಲಿ ಕಳಚುತ್ತದೆ. ಬೀಗ ಹಾಕಿದ ಮೇಲೆ ಟ್ರೇಲರ್‌ನ ಜ್ಯಾಕ್ ತಿರುಗಿಸಿ ಮೂತಿ ಎತ್ತಿ ನೋಡಿ. ಗಾಡಿಯ ಹಿಂಬದಿಯೂ ಜೊತೆಗೆ ಮೇಲೆದ್ದರೆ ಸರಿಯಾಗಿ ಕೂತಿದೆ. ಸೇಫ್ಟಿ ಚೈನ್ ಎರಡನ್ನೂ ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಕಿ. ಕಪ್ಲರ್ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಆ ತೊಟ್ಟಿಲಲ್ಲಿ ನಿಲ್ಲುತ್ತದೆ.

ಹಂತ 5: ಎಂಜಿನ್

ಔಟ್‌ಬೋರ್ಡ್ ಅನ್ನು ಎತ್ತಿ ಹಾಗೇ ಬಿಟ್ಟರೆ, ನೂರಾರು ಪೌಂಡ್ ಭಾರ ಟ್ರಾನ್ಸಮ್ ಮೇಲೆ ಸನ್ನೆಕೋಲಿನಂತೆ ಕುಣಿಯುತ್ತಾ ಇರುತ್ತದೆ. ಎಂಜಿನ್‌ನ ಕಾಲು ಮತ್ತು ಟ್ರೇಲರ್ ನಡುವೆ ಒಂದು ಆಸರೆ ಕೋಲು ಕೊಡಿ. ಟ್ರಾನ್ಸಮ್ ಸೇವರ್ ಎಂದು ಕೇಳಿದರೆ ಅಂಗಡಿಯಲ್ಲಿ ಸಿಗುತ್ತದೆ. ಎಂಜಿನ್ ಪಕ್ಕದಲ್ಲಿರುವ ಪುಟ್ಟ ಟಿಲ್ಟ್ ಲಾಕ್ ನಂಬಿಕೊಂಡು ಹೊರಡಬೇಡಿ. ಅದು ನಿಂತಲ್ಲಿ ಕೆಲಸ ಮಾಡಲು ಇರುವುದು, ರಸ್ತೆಗಲ್ಲ. ಸ್ಟರ್ನ್‌ಡ್ರೈವ್ ಇದ್ದವರು 'ಟ್ರೇಲರ್' ಬಟನ್ ಒತ್ತಿ ಕಾಲನ್ನು ಮೇಲೆತ್ತಿ, ನೆಲದಿಂದ ಎಷ್ಟು ಎತ್ತರವಿದೆ ನೋಡಿ. ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ಮೊದಲು ತಾಗುವುದು ಅದೇ. ಬ್ಯಾಟರಿ ಸ್ವಿಚ್ ಆಫ್ ಮಾಡಿ.

ಹಂತ 6: ಹಾರುವ ವಸ್ತುಗಳು, ಮತ್ತು ಆ ಕವರ್ ಪ್ರಶ್ನೆ

ಮೊದಲು ಖಾಲಿ ಮಾಡಿ. ಸೀಟಿನ ಕುಶನ್, ಲೈಫ್ ಜ್ಯಾಕೆಟ್, ಫೆಂಡರ್ (ದಡಕ್ಕೆ ತಾಗದಂತೆ ಬೋಟಿನ ಬದಿಗೆ ನೇತುಹಾಕುವ ಮೆತ್ತೆ), ಹಗ್ಗ, ಟ್ಯೂಬ್ ಎಲ್ಲ ಗಾಡಿಗೆ ಅಥವಾ ಬೀಗವಿರುವ ಡಬ್ಬಿಗೆ. "ಇಷ್ಟು ದಿನ ಹಾರಿರಲಿಲ್ಲ" ಎನ್ನುತ್ತಾರೆ. ಇಷ್ಟು ದಿನ ನೀವು ಊರೊಳಗೆ 40ರಲ್ಲಿ ಹೋಗುತ್ತಿದ್ದಿರಿ. 65ರಲ್ಲಿ ಹೋಗುವಾಗ ಎದುರುಗಾಳಿ 20 ಇದ್ದರೆ ಬೋಟಿಗೆ 85 ಮೈಲಿ ವೇಗದ ಬಿರುಗಾಳಿ. ಹಾರಿದ ಕುಶನ್ ಹಿಂದಿನ ಕಾರಿನ ಗಾಜಿಗೆ ಬಡಿದರೆ ಹೊಣೆ ನಿಮ್ಮದೇ.

ಬಿಮಿನಿ, ಅಂದರೆ ಬಿಸಿಲಿಗೆ ಬಿಡಿಸುವ ಬಟ್ಟೆಯ ಚಪ್ಪರ, ಎಂದೂ ಬಿಡಿಸಿರಬಾರದು. ಮಡಚಿ, ಚೀಲ ತೊಡಿಸಿ, ಕಟ್ಟಿ. ಸಾಧ್ಯವಾದರೆ ಬಿಚ್ಚಿ ಒಳಗಿಡಿ. ವಿಂಡ್‌ಶೀಲ್ಡ್ ನಡುವಿನ ಬಾಗಿಲನ್ನು ಚಿಲಕ ಹಾಕಿ, ಮೇಲೊಂದು ಪೇಂಟರ್ಸ್ ಟೇಪ್ ಅಂಟಿಸಿ. ಸಂಜೆ ಆ ಟೇಪ್ ಕಿತ್ತು ಬೆಳಿಗ್ಗೆ ಹೊಸದು ಹಾಕಿ. ಅರಿಜೋನಾದ ಬಿಸಿಲಿಗೆ ಅಂಟು ಬೆಂದು ಕೂತರೆ ಉಜ್ಜಿ ಉಜ್ಜಿ ಸಾಕಾಗುತ್ತದೆ.

ಈಗ ಕವರ್. ಮೂರು ಬಗೆಯಿದೆ, ಉತ್ತರವೂ ಮೂರು.

ನಿಮ್ಮ ಬೋಟಿನ ಅಳತೆಗೇ ಹೊಲಿದ, ಟ್ರೇಲರ್ ಮೇಲೆ ಎಳೆಯಬಹುದು ಎಂದು ತಯಾರಕರೇ ಬರೆದಿರುವ ಕವರ್ ಇದ್ದರೆ ಹಾಕಿಕೊಂಡು ಹೋಗಿ. ಬೋಟಿನ ಅಂಚಿಗೆ ಅದು ಚರ್ಮದ ಹಾಗೆ ಅಂಟಿ ಕೂರಬೇಕು. ಪಟ್ಟಿಗಳನ್ನು ಬೋಟಿನ ಯಾವುದೋ ಹಿಡಿಕೆಗಲ್ಲ, ಟ್ರೇಲರ್ ಚೌಕಟ್ಟಿಗೆ ಕಟ್ಟಿ. ನಡುವೆ ಕೋಲು ಕೊಟ್ಟು ಎತ್ತಿ ನಿಲ್ಲಿಸಿ, ಇಲ್ಲದಿದ್ದರೆ ರಾತ್ರಿ ಮಳೆ ಬಂದು ಕೊಳವಾಗುತ್ತದೆ. ವಿಂಡ್‌ಶೀಲ್ಡ್ ಮೂಲೆ, ಹಗ್ಗ ಕಟ್ಟುವ ಗೂಟ, ಹೀಗೆ ಚೂಪಾಗಿ ತಾಗುವ ಕಡೆ ಒಳಗಿನಿಂದ ಮೆತ್ತನೆಯ ಬಟ್ಟೆ ಸುತ್ತಿ. ಹಳೆಯ ಪಂಚೆ ಇದಕ್ಕೆ ಬಹಳ ಚೆನ್ನ. ಬೋಟನ್ನು ತೊಳೆದು ಒಣಗಿಸಿದ ಮೇಲೆಯೇ ಕವರ್ ಹಾಕಿ. ದೂಳಿನ ಮೇಲೆ ಹಾಕಿದರೆ ಅದೇ ಉಜ್ಜುಕಲ್ಲು.

ಮನೆಯಂಗಳದಲ್ಲಿ ನಿಲ್ಲಿಸಿದಾಗ ಹಾಕುವ ಸಡಿಲ ಕವರ್ ಮಾತ್ರ ಇದ್ದರೆ ತೆಗೆದು ಮಡಚಿಡಿ. ಅದು ಮೊದಲ ನೂರು ಮೈಲಿ ಪಟಪಟ ಬಡಿಯುತ್ತದೆ, ಎರಡನೇ ನೂರರಲ್ಲಿ ಹೊಲಿಗೆ ಬಿಡುತ್ತದೆ, ಮೂರನೇ ನೂರರಲ್ಲಿ ಕನ್ನಡಿಯಲ್ಲಿ ನೋಡಿದರೆ ಇರುವುದಿಲ್ಲ. ಬೋಟ್ ತೆರೆದೇ ಇರಲಿ. ಹುಳ, ದೂಳು ಬೀಳುತ್ತವೆ, ತೊಳೆದರೆ ಹೋಗುತ್ತವೆ. ಬಡಿದ ಗೀರು ಹೋಗುವುದಿಲ್ಲ.

ಮೂರನೆಯದು ನೀಲಿ ಟಾರ್ಪಾಲು. ಇದರ ಬಗ್ಗೆ ವಾದವೇ ಬೇಡ. ಅದನ್ನು ಹಗ್ಗದಿಂದ ಸುತ್ತಿ ಕಟ್ಟಿ ಸಾವಿರ ಮೈಲಿ ಹೋದ ಬೋಟನ್ನು ನೋಡಿದ್ದೇನೆ. ಹಗ್ಗ ಓಡಿದ ಕಡೆಯೆಲ್ಲ ಜೆಲ್‌ಕೋಟ್ ಮೇಲೆ ಬಿಳಿ ಗೆರೆ.

ಕಲ್ಲೇಟಿನ ಬಗ್ಗೆಯೂ ಕೇಳುತ್ತಾರೆ. ಬೋಟಿನ ಮೂಗಿಗೆ ಹೊಡೆಯುವ ಕಲ್ಲುಗಳಲ್ಲಿ ಹೆಚ್ಚಿನವು ನಿಮ್ಮದೇ ಗಾಡಿಯ ಹಿಂದಿನ ಚಕ್ರದಿಂದ ಹಾರುವವು. ಗಾಡಿಗೆ ಅಗಲವಾದ ಮಡ್ ಫ್ಲಾಪ್ ಹಾಕಿಸಿ. ಮೂಗಿಗೆ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸಬಹುದು. ಫೋಮ್, ಕಂಬಳಿ ಕಟ್ಟಬೇಡಿ. ನಡುವೆ ಸೇರಿದ ಮರಳು ಕಲ್ಲೇಟಿಗಿಂತ ಜಾಸ್ತಿ ಹಾಳು ಮಾಡುತ್ತದೆ.

ಹಂತ 7: ನೀರು ಬಸಿಯುವುದು ಬರೀ ಭಾರಕ್ಕಲ್ಲ

ಬೋಟಿನ ತಳದ ಪ್ಲಗ್ ಬಿಚ್ಚಿ, ಮೂಗು ಎತ್ತಿ ನಿಲ್ಲಿಸಿ, ಪೂರ್ತಿ ನೀರು ಬಸಿಯಿರಿ. ಪ್ಲಗ್ ಬಿಚ್ಚಿಯೇ ಪ್ರಯಾಣ ಮಾಡಿ. ದಾರಿಯಲ್ಲಿ ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಪ್ಲಗ್ ಅನ್ನು ಗಾಡಿಯ ಕೀ ಜೊತೆ ಕಟ್ಟಿಡಿ, ಯಾಕೆಂದು ಕೊನೆಯಲ್ಲಿ ಗೊತ್ತಾಗುತ್ತದೆ.

ನೀರು ಬಸಿಯಲು ಇನ್ನೂ ದೊಡ್ಡ ಕಾರಣವಿದೆ. ಜೀಬ್ರಾ ಮಸ್ಸೆಲ್, ಕ್ವಾಗಾ ಮಸ್ಸೆಲ್ ಎಂಬ ಪುಟ್ಟ ಚಿಪ್ಪಿಗಳು. ನೋಡಲು ನಮ್ಮ ಕರಾವಳಿಯ ಪಚ್ಚಿಲೆಯ ಮರಿಯಂತೆ, ಆದರೆ ಸಾರಿಗೆ ಬರುವಂಥದ್ದಲ್ಲ. ಒಂದು ಕೆರೆಗೆ ಸೇರಿದರೆ ಪೈಪು, ಪಂಪು, ಅಣೆಕಟ್ಟಿನ ಯಂತ್ರ ಎಲ್ಲಕ್ಕೂ ಅಂಟಿ ಬೆಳೆಯುತ್ತವೆ. ಇವುಗಳ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ತಳದಲ್ಲಿ ಉಳಿದ ನೀರಿನಲ್ಲೇ ಬದುಕಿ ಮುಂದಿನ ಕೆರೆಗೆ ಹೋಗುತ್ತದೆ. ಟೆಕ್ಸಾಸ್‌ನಲ್ಲಿ ಜೀಬ್ರಾ ಮಸ್ಸೆಲ್ ಮೊದಲು ಸಿಕ್ಕಿದ್ದು 2009ರಲ್ಲಿ, ಡಲ್ಲಾಸ್‌ನವರು ಹೆಚ್ಚಾಗಿ ಹೋಗುವ ಲೇಕ್ ಟೆಕ್ಸೋಮಾದಲ್ಲಿ. ಲೇಕ್ ಪವೆಲ್‌ನಲ್ಲಿ 2013ರಲ್ಲಿ ಬೆಳೆದ ಕ್ವಾಗಾ ಸಿಕ್ಕವು. 2014ರಿಂದ ಟೆಕ್ಸಾಸ್‌ನ ಯಾವುದೇ ಸಾರ್ವಜನಿಕ ಸಿಹಿನೀರಿನಿಂದ ಹೊರಡುವಾಗ ಬೋಟಿನ ನೀರನ್ನೆಲ್ಲ ಬಸಿಯುವುದು ಕಾನೂನು.

ಇಲ್ಲಿನವರು ಹೇಳುವ ಮೂರು ಮಾತು: ತೊಳೆ, ಬಸಿ, ಒಣಗಿಸು. ಬೋಟಿನ ತಳ, ಮೀನು ಇಡುವ ತೊಟ್ಟಿ, ಅಲೆ ಎಬ್ಬಿಸಲು ನೀರು ತುಂಬುವ ಟ್ಯಾಂಕ್, ಎಂಜಿನ್‌ನ ತಣಿಸುವ ನೀರು, ಆಂಕರ್ ಹಗ್ಗ, ಬಂಕ್ ಕಾರ್ಪೆಟ್, ಯಾವುದೂ ಒದ್ದೆ ಇರಬಾರದು. ದಾರಿಯಲ್ಲಿ ಬೋಟ್ ತಪಾಸಣೆಯ ಬೋರ್ಡ್ ಕಂಡರೆ, ನಿಮಗಲ್ಲ ಎಂದುಕೊಂಡು ಮುಂದೆ ಹೋಗಬೇಡಿ. ಅಧಿಕಾರಿಗಳು ಕೇಳುವುದು ಕೊನೆಯ ಸಲ ಯಾವ ಕೆರೆಯಲ್ಲಿತ್ತು, ಎಂದು ಹೊರತೆಗೆದಿರಿ ಎಂದು. ಹೊರಡುವ ವಾರ ಮೊದಲು ಅರಿಜೋನಾ ಮತ್ತು ಯೂಟಾ ರಾಜ್ಯಗಳ ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮ ಓದಿಕೊಳ್ಳಿ, ಪವೆಲ್ ಎರಡಕ್ಕೂ ಸೇರಿದೆ.

ಹಂತ 8: ರಸ್ತೆಯಲ್ಲಿ

ಮೊದಲ 25 ಮೈಲಿಗೆ ನಿಲ್ಲಿಸಿ. ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಹೊಸದಾಗಿ ಕಟ್ಟಿದ ಸ್ಟ್ರಾಪ್ ಸಡಿಲವಾಗುವುದು ಈ ಮೊದಲ ಅರ್ಧ ಗಂಟೆಯಲ್ಲೇ. ಚಕ್ರ ಬಿಚ್ಚಿ ಹಾಕಿದ್ದರೆ ಸುಮಾರು 50 ಮೈಲಿಗೆ ನಟ್ ಮತ್ತೆ ಬಿಗಿಯಿರಿ. ಆಮೇಲೆ ನೂರು ಮೈಲಿಗೊಮ್ಮೆ ಐದು ನಿಮಿಷ. ಒಂದು ಸುತ್ತು ಬಂದು ಹಿಚ್, ಚೈನ್, ಸ್ಟ್ರಾಪ್, ಕವರ್, ಟೈರ್ ನೋಡಿ, ಥರ್ಮಾಮೀಟರ್ ಹಿಡಿದು ಹಬ್‌ಗಳ ಬಿಸಿ ನೋಡಿ. ಬಿಸಿ ಇರುವುದು ಸಹಜ. ಒಂದು ಹಬ್ ಉಳಿದವುಗಳಿಗಿಂತ ತುಂಬಾ ಬಿಸಿ ಇದ್ದರೆ ಅದು ಎಚ್ಚರಿಕೆ. ಬರಿಗೈಯಲ್ಲಿ ಮುಟ್ಟಬೇಡಿ.

ವೇಗ 60ರಿಂದ 65. ಟ್ರೇಲರ್ ಟೈರ್‌ಗಳಲ್ಲಿ ಬೇರೆ ಗುರುತಿಲ್ಲದಿದ್ದರೆ 65 ಮೈಲಿಯೇ ಅವುಗಳ ಮಿತಿ. ಟೆಕ್ಸಾಸ್‌ನಲ್ಲಿ ಎಲ್ಲರೂ 80ರಲ್ಲಿ ಹಾದು ಹೋಗುತ್ತಿರುತ್ತಾರೆ, ಹೋಗಲಿ ಬಿಡಿ.

ಅಮರಿಲ್ಲೊದಿಂದ ಆಚೆ ಬಯಲು. ಅಡ್ಡಗಾಳಿ ಜೋರು. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಮೊದಲು ತಳ್ಳಿ, ಆಮೇಲೆ ಎಳೆದಂತಾಗುತ್ತದೆ. ಟ್ರೇಲರ್ ಓಲಾಡಲು ಶುರುವಾದರೆ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಅತ್ತಿತ್ತ ತಿರುಗಿಸಬೇಡಿ. ನೆಟ್ಟಗೆ ಹಿಡಿದು ಆಕ್ಸಲರೇಟರ್‌ನಿಂದ ಕಾಲು ತೆಗೆಯಿರಿ. ನಿಂತ ಮೇಲೆ ಭಾರ ಎಲ್ಲಿದೆ ನೋಡಿ, ಕಾರಣ ಅಲ್ಲೇ ಇರುತ್ತದೆ.

ಆಲ್ಬುಕರ್ಕಿಗೆ ಮುಂಚೆ ಟಿಹೇರಸ್ ಕಣಿವೆಯ ಇಳಿಜಾರು. ಫ್ಲ್ಯಾಗ್‌ಸ್ಟಾಫ್ ಸುಮಾರು 6,900 ಅಡಿ ಎತ್ತರದಲ್ಲಿದೆ, ಅಲ್ಲಿಂದ ಪೇಜ್ ಕಡೆಗೆ ಮತ್ತೆ ದೊಡ್ಡ ಇಳಿತ. ಘಾಟಿ ಇಳಿಯುವಾಗ ನಮ್ಮೂರ ಬಸ್ ಡ್ರೈವರ್ ಮಾಡುವುದನ್ನೇ ಮಾಡಿ. ಇಳಿಯುವ ಮೊದಲೇ ಕೆಳಗಿನ ಗೇರ್‌ಗೆ ಹಾಕಿ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಟ್ರೇಲರ್ ಬ್ರೇಕ್ ಸುಟ್ಟು, ಆ ಬಿಸಿ ಬೇರಿಂಗ್ ಗ್ರೀಸ್ ಕರಗಿಸುತ್ತದೆ.

ರಾತ್ರಿ ತಂಗುವ ಹೋಟೆಲ್‌ನಲ್ಲಿ ಟ್ರೇಲರ್ ಸಮೇತ ನಿಲ್ಲಿಸಲು ಜಾಗವಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಕಪ್ಲರ್‌ಗೂ ಒಂದು ಚಕ್ರಕ್ಕೂ ಬೀಗ ಹಾಕಿ.

ಹಂತ 9: ನೀರಿಗಿಳಿಸುವ ಮುಂಚೆ

ಲೇಕ್ ಪವೆಲ್‌ನ ನೀರಿನ ಮಟ್ಟ ಏರಿಳಿಯುತ್ತದೆ, ಬೋಟ್ ಇಳಿಸುವ ರ್ಯಾಂಪ್‌ಗಳು ಅದಕ್ಕೆ ತಕ್ಕಂತೆ ತೆರೆದು ಮುಚ್ಚುತ್ತವೆ. ಯಾವುದು ತೆರೆದಿದೆ ಎಂದು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪುಟದಲ್ಲಿ ಆ ದಿನ ಬೆಳಿಗ್ಗೆಯೇ ನೋಡಿ.

ತಲುಪಿದ ಕೂಡಲೇ ನೀರಿಗೆ ಬಿಡಬೇಡಿ. ಹಬ್ ತಣ್ಣಗಾಗಲು ಅರ್ಧ, ಮುಕ್ಕಾಲು ಗಂಟೆ ಕೊಡಿ. ಮಕ್ಕಳು ಅವಸರ ಮಾಡುತ್ತಾರೆ, ಬುತ್ತಿ ಬಿಚ್ಚಿ ಕೂರಿಸಿ. ಅಷ್ಟರಲ್ಲಿ ಕವರ್ ತೆಗೆದು, ಬೋಟಿನ ಸುತ್ತ ಒಮ್ಮೆ ನಿಧಾನವಾಗಿ ನಡೆಯಿರಿ. ಟ್ರಾನ್ಸಮ್ ಮೂಲೆಗಳಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕು ಬಂದಿದೆಯೇ, ಸ್ಟ್ರಾಪ್ ತಾಗಿದಲ್ಲಿ ಬಣ್ಣ ಮಾಸಿದೆಯೇ ನೋಡಿ ಫೋಟೊ ತೆಗೆದಿಡಿ. ಬ್ಯಾಟರಿಯ ತಂತಿಗಳು, ಎಂಜಿನ್‌ನ ಪೈಪ್ ಕ್ಲಾಂಪ್‌ಗಳು ಅಲುಗಾಟಕ್ಕೆ ಸಡಿಲವಾಗಿರುತ್ತವೆ, ಕೈ ಹಾಕಿ ನೋಡಿ. ಎಂಜಿನ್ ಒಳಗಿರುವ ಬೋಟ್ ಆದರೆ ಮುಚ್ಚಳ ತೆರೆದು ಪೆಟ್ರೋಲ್ ವಾಸನೆ ಇದೆಯೇ ನೋಡದೆ ಸ್ಟಾರ್ಟ್ ಮಾಡಬೇಡಿ.

ಆಮೇಲೆ ಈ ಕ್ರಮದಲ್ಲಿ: ಹಿಂದಿನ ಎರಡು ಸ್ಟ್ರಾಪ್ ಬಿಚ್ಚಿ, ಆಸರೆ ಕೋಲು ತೆಗೆಯಿರಿ, ದೀಪದ ವೈರ್ ಕಳಚಿ, ಪ್ಲಗ್ ಹಾಕಿ. ಪ್ಲಗ್ ಎಲ್ಲಿದೆ? ಗಾಡಿಯ ಕೀ ಜೊತೆ. ಮುಂದಿನ ಚೈನ್ ಮತ್ತು ವಿಂಚ್ ಮಾತ್ರ ಬೋಟ್ ತೇಲುವ ತನಕ ಬಿಚ್ಚಬೇಡಿ. ಸಿಮೆಂಟ್ ರ್ಯಾಂಪ್ ಮೇಲೆ ಜಾರಿಬಿದ್ದ ಬೋಟನ್ನು ಎತ್ತಲು ಕ್ರೇನೇ ಬೇಕು.

ವಾಪಸ್ ಹೊರಡುವ ದಿನಕ್ಕೆ ಅರ್ಧ ದಿನ ಜಾಸ್ತಿ ಇಟ್ಟುಕೊಳ್ಳಿ. ಪವೆಲ್‌ನಿಂದ ಹೊರಬರುವ ಬೋಟ್ ಕ್ವಾಗಾ ಇರುವ ನೀರಿನಿಂದ ಬಂದದ್ದು, ತಪಾಸಣೆಗೆ ಸಾಲು ಇರುತ್ತದೆ, ಬಿಸಿನೀರಿನಲ್ಲಿ ತೊಳೆಸಿ ಎಂದರೆ ತೊಳೆಸಬೇಕು. ಮನೆಗೆ ಬಂದ ಮೇಲೂ ಎಲ್ಲ ಮುಚ್ಚಳ ತೆರೆದು ಪೂರ್ತಿ ಒಣಗಲು ಬಿಡಿ. ಎರಡು ಸಲ ನೀರಿನಲ್ಲಿ ಮುಳುಗಿ, 2,200 ಮೈಲಿ ಓಡಿದ ಬೇರಿಂಗ್‌ಗಳನ್ನು ಅದೇ ವಾರ ಬಿಚ್ಚಿ, ಗ್ರೀಸ್ ಯಾವ ಬಣ್ಣಕ್ಕಿದೆ ನೋಡಿ.